ಪುಟ್ಟ ಅಲಗಿನ ಉಕ್ಕು

ಮಡಚುವ ಚಾಕು ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಎರಡು. ಅಲಗು ಯಾವ ಉಕ್ಕಿನದು? ಹಿಡಿ ಯಾವುದರದು? ಚೆನ್ನೈಯಲ್ಲಿ ಇವಕ್ಕೆ ಇನ್ನೊಂದು ತೊಡಕು ಅಂಟಿಕೊಂಡಿದೆ. ವರ್ಷದ ಬಹುಪಾಲು ಒದ್ದೆಯಾಗಿಯೇ ಇರುವ ಕಡಲ ಗಾಳಿ, ಅದರ ಜೊತೆಗೆ ಅಂಗೈಯ ಬೆವರು. ಒಳ್ಳೆಯ ಹರಿತ ಕೊಡುವ ಉಕ್ಕು ಇಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯದ ಉಕ್ಕು ಅಷ್ಟು ಚೆನ್ನಾಗಿ ಕೊಯ್ಯುವುದಿಲ್ಲ. ಈಗಿನ ಅಂಗಡಿಯವರು ಇದನ್ನು ಹೊಸ ಸಮಸ್ಯೆಯಂತೆ ವಿವರಿಸುತ್ತಾರೆ. ಆದರೆ ಈ ಊರಿಗೂ ಅದರ ಬೆನ್ನಿಗಿದ್ದ ಮೈಸೂರು, ಸೇಲಂ ಸೀಮೆಗಳಿಗೂ ಈ ಪ್ರಶ್ನೆ ತುಂಬ ಹಳೆಯದು. ಒಂದು ಕಾಲದಲ್ಲಿ ಲಂಡನ್ನಿನ ಒಳ್ಳೆಯ ಚಾಕು ಕಸುಬುದಾರನೊಬ್ಬ ಇದಕ್ಕೆ ಉತ್ತರ ಹುಡುಕಿಕೊಂಡದ್ದು ನಮ್ಮ ಉಕ್ಕಿನಲ್ಲೇ.

ಮೊದಲು ನೋಡಬೇಕಾದದ್ದು ಓಲೆ ಬರೆಯುವವರ ಕೈಯ ಸಲಕರಣೆಯನ್ನು. ತಾಳೆಗರಿಯ ಮೇಲೆ ಬರೆಯುವವನಿಗೆ ಕಂಟ ಎಷ್ಟು ಮುಖ್ಯವೋ ಚಾಕುವೂ ಅಷ್ಟೇ ಮುಖ್ಯ. ಗರಿಯನ್ನು ಅಳತೆಗೆ ಕೊಯ್ಯಬೇಕು, ಅಂಚನ್ನು ಸಮ ಮಾಡಬೇಕು, ನಡುವಿನ ಕಡ್ಡಿಯನ್ನು ಸೀಳಿ ತೆಗೆಯಬೇಕು. ಎರಡು ಉಪಕರಣ ಹೊತ್ತು ತಿರುಗುವ ಬದಲು ಎರಡನ್ನೂ ಒಂದೇ ಹಿಡಿಗೆ ಕೀಲು ಹಾಕಿ ಮಡಚಿಡುವ ಏರ್ಪಾಟನ್ನು ತಮಿಳು ಸೀಮೆಯ ಕಮ್ಮಾರರು ಮಾಡಿಕೊಂಡಿದ್ದರು. ತಮಿಳಿನಲ್ಲಿ ಅದಕ್ಕೆ ಮಡಕ್ಕೆಳುತ್ತಾಣಿ ಎಂದು ಹೆಸರು. ಮಡಕ್ಕು ಎಂದರೆ ನಮ್ಮ ಮಡಚು, ಎಳುತ್ತಾಣಿ ಎಂದರೆ ಬರೆಯುವ ಆಣಿ. ಹಿಡಿಯ ಒಂದು ತುದಿಯಿಂದ ಕಂಟ ಹೊರಬರುತ್ತದೆ, ಇನ್ನೊಂದು ತುದಿಯಿಂದ ಸಣ್ಣ ಅಲಗು. ಕೆಲಸ ಮುಗಿದ ಮೇಲೆ ಎರಡೂ ಹಿಡಿಯ ಸೀಳಿನೊಳಗೆ ಮಲಗುತ್ತವೆ. ಮರದ ಹಿಡಿಯದೂ ಇತ್ತು, ಉಳ್ಳವರಿಗೆ ದಂತದ್ದೂ ಇತ್ತು. ಕಿಸೆಯಲ್ಲಿ ಹಲವು ಉಪಕರಣ ಮಡಚಿ ಇಟ್ಟುಕೊಳ್ಳುವ ಚಾಕುವನ್ನು ಯುರೋಪಿನ ಕಾಣಿಕೆ ಎಂದುಕೊಂಡವರು ಇದನ್ನು ಒಮ್ಮೆ ನೋಡಬೇಕು.

ಈ ಉಪಕರಣದಲ್ಲೇ ಉಕ್ಕಿನ ಆಯ್ಕೆಯ ಮೊದಲ ಪಾಠವಿದೆ. ಕಂಟದ ಮೊನೆ ಗಟ್ಟಿಯಿರಬೇಕು, ಆದರೆ ಹರಿತವಿರಬಾರದು; ಹರಿತವಾದರೆ ಗರಿಯ ನಾರು ಕತ್ತರಿಸಿ ಓಲೆ ಸೀಳುತ್ತದೆ. ಪಕ್ಕದಲ್ಲೇ ಮಲಗಿರುವ ಅಲಗು ಮಾತ್ರ ಹರಿತವಿರಲೇಬೇಕು. ಒಂದೇ ಕುಲುಮೆಯಿಂದ ಹೊರಬಂದ ಎರಡು ತುಂಡುಗಳಿಗೆ ಎರಡು ಹದ. 1869ರಲ್ಲಿ ಸ್ಥಾಪನೆಯಾದ, ಈಗಲೂ ಚೆನ್ನೈಯಲ್ಲಿರುವ ಸರ್ಕಾರಿ ಓರಿಯೆಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿ ತಮಿಳು, ತೆಲುಗು, ಸಂಸ್ಕೃತದ ಜೊತೆ ಕನ್ನಡದ ಓಲೆಗರಿಗಳೂ ಇವೆ. ಅಲ್ಲಿನ ಒಂದೊಂದು ಕಟ್ಟಿನ ನೇರ ಅಂಚೂ ಇಂಥ ಸಣ್ಣ ಅಲಗುಗಳ ಕೆಲಸ.

ಆ ಗ್ರಂಥಾಲಯದ ಮೂಲ ಬಂಡವಾಳ ಕರ್ನಲ್ ಕಾಲಿನ್ ಮೆಕೆಂಜಿಯ ಸಂಗ್ರಹ. ಮೆಕೆಂಜಿಯ ಕೈಕೆಳಗಿನ ಬರಹಗಾರರು ಓಲೆಯಿಂದ ಕಾಗದಕ್ಕೆ ಪ್ರತಿ ಮಾಡುತ್ತಿದ್ದ ಕಾಲದಲ್ಲೇ ಸೇಂಟ್ ಜಾರ್ಜ್ ಕೋಟೆಯ ಕಂಪನಿ ಗುಮಾಸ್ತರು ಹಕ್ಕಿಯ ಗರಿಯಿಂದ ಬರೆಯುತ್ತಿದ್ದರು. ಗರಿಯ ತುದಿ ಬೇಗ ಮೆತ್ತಗಾಗುತ್ತದೆ, ದಿನಕ್ಕೆ ಎಷ್ಟೋ ಸಲ ಅದನ್ನು ಚೂಪು ಮಾಡಬೇಕು. ಕಾಗದದ ಮೇಲಿನ ತಪ್ಪನ್ನು ಕೆರೆದು ಅಳಿಸಬೇಕು. ಅದಕ್ಕೆಂದೇ ಇದ್ದ ಸಣ್ಣ ಚಾಕುವಿಗೆ ಇಂಗ್ಲಿಷಿನಲ್ಲಿ ಪೆನ್‌ನೈಫ್ ಎಂಬ ಹೆಸರು ಬಂತು. ತಮಿಳರು ಅದನ್ನು ಪೇನಾಕತ್ತಿ ಎಂದರು. ಪೆನ್ನು ಬದಲಾದರೂ ಹೆಸರು ಉಳಿಯಿತು.

ಕಥೆಯ ಮುಖ್ಯ ತಿರುವು ಇಂಥ ಒಂದು ಪೆನ್‌ನೈಫಿನದೇ.

ಬೊಂಬಾಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ 1794ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸರಿಗೆ ಉಕ್ಕಿನ ಕೆಲವು ಗಟ್ಟಿಗಳನ್ನು ಕಳಿಸಿದ. ಅದರ ಹೆಸರು ವೂಟ್ಸ್ ಎಂದು ಬರೆದಿದ್ದ. ಈ ವಿಚಿತ್ರ ಪದ ಎಲ್ಲಿಂದ ಬಂತು ಎಂಬ ಚರ್ಚೆ ಬಹಳ ಕಾಲ ನಡೆದಿದೆ. ಹಾಬ್ಸನ್-ಜಾಬ್ಸನ್ ಕೋಶಕಾರರ ಊಹೆಯಂತೆ ಅದು ಕನ್ನಡದ ‘ಉಕ್ಕು’. ಯಾರೋ ಬರೆದದ್ದನ್ನು ಇನ್ಯಾರೋ ತಪ್ಪಾಗಿ ಓದಿಕೊಂಡು ಕೊನೆಯ ಅಕ್ಷರ ಬದಲಾಗಿ ಪ್ರಪಂಚದ ಲೋಹಶಾಸ್ತ್ರದ ಪುಸ್ತಕಗಳಲ್ಲೆಲ್ಲ ವೂಟ್ಸ್ ಆಗಿ ನಿಂತಿತು. ತಪ್ಪು ಓದಿನಿಂದ ಹುಟ್ಟಿದ ಪದಕ್ಕೆ ಇಷ್ಟು ಗೌರವ ಸಿಕ್ಕ ಉದಾಹರಣೆಗಳು ಕಡಿಮೆ.

ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಆ ಉಕ್ಕನ್ನು ಪರೀಕ್ಷಿಸಿ 1795ರ ಜೂನ್‌ನಲ್ಲಿ ಸೊಸೈಟಿಯ ಮುಂದೆ ಪ್ರಬಂಧ ಓದಿಸಿದ. ಆಮ್ಲದಲ್ಲಿ ಕರಗಿಸಿದ್ದು, ತೂಗಿದ್ದು, ಸುಟ್ಟದ್ದು ಎಲ್ಲ ಅದರಲ್ಲಿದೆ. ಆದರೆ ಮುಖ್ಯವಾದ ಪರೀಕ್ಷೆಯನ್ನು ಮಾಡಿದವನು ರಸಾಯನಶಾಸ್ತ್ರಜ್ಞನಲ್ಲ, ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ಕಸುಬುದಾರ. ಅಧ್ಯಕ್ಷರ ಕೋರಿಕೆಯಂತೆ ಅವನು ಒಂದು ತುಂಡು ವೂಟ್ಸನ್ನು ಬಡಿದು ಪೆನ್‌ನೈಫಿನ ಅಲಗು ಮಾಡಿದ. ಕತ್ತಲಲ್ಲಿ ಮಾತ್ರ ಕೆಂಪಗೆ ಕಾಣುವಷ್ಟು ಸಣ್ಣ ಕಾವಿನಲ್ಲಿ ಅದನ್ನು ಬಡಿಯಬೇಕಾಯಿತು. ಕೆಲಸ ಕಷ್ಟವಾಯಿತು, ಹೊತ್ತು ಹಿಡಿಯಿತು. ಅಲಗು ಮಾತ್ರ ಅತ್ಯುತ್ತಮ ಉಕ್ಕಿನ ಚಾಕುವಿಗೆ ಸಮನಾಗಿ ಕೊಯ್ದಿತು. ಇಂಗ್ಲೆಂಡಿನಲ್ಲಿ ಬಳಸುವ ಯಾವ ಉಕ್ಕಿಗಿಂತಲೂ ಹಲವು ಕೆಲಸಗಳಿಗೆ ಇದು ಮೇಲು, ಇದರ ಬಾಯಿ ಹೆಚ್ಚು ನಯ, ಹೆಚ್ಚು ಗಟ್ಟಿ, ಹೆಚ್ಚು ಬಾಳಿಕೆಯದು, ಶಸ್ತ್ರವೈದ್ಯರ ಉಪಕರಣಗಳಿಗೆ ಹೇಳಿ ಮಾಡಿಸಿದ್ದು ಎಂದು ಸ್ಟೋಡಾರ್ಟ್ ಅಭಿಪ್ರಾಯ ಕೊಟ್ಟ. ಅದು ಬರಿಯ ಬಾಯಿಮಾತಾಗಲಿಲ್ಲ. ಲಂಡನ್ನಿನ ಸ್ಟ್ರಾಂಡ್ ಬೀದಿಯ 401ನೇ ನಂಬರಿನ ಅವನ ಅಂಗಡಿಯ ಕಾರ್ಡಿನಲ್ಲಿ ವೂಟ್ಸಿನ ಹೆಸರೇ ಜಾಹೀರಾತಾಯಿತು: ವರ್ಷಗಳ ಹೋಲಿಕೆಯ ಪ್ರಯೋಗದ ನಂತರ ಯುರೋಪಿನ ಶ್ರೇಷ್ಠ ಉಕ್ಕಿಗಿಂತ ಇದನ್ನೇ ಮೇಲೆಂದು ಆಯ್ದುಕೊಂಡಿದ್ದೇನೆ ಎಂಬ ಅರ್ಥದಲ್ಲಿ.

ಬೇರೆ ಕಮ್ಮಾರರು ಸೋತ ಕಡೆ ಸ್ಟೋಡಾರ್ಟ್ ಗೆದ್ದದ್ದಕ್ಕೆ ಕಾರಣ ಆ ಸಣ್ಣ ಕಾವು. ವೂಟ್ಸಿನಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಗಾಲ. ಯುರೋಪಿನ ಕಮ್ಮಾರನಿಗೆ ಪರಿಚಯವಿದ್ದ ಉಕ್ಕಿನಲ್ಲಿ ಅದಕ್ಕಿಂತ ಬಹಳ ಕಡಿಮೆ. ಅಭ್ಯಾಸಬಲದಿಂದ ಬೆಳ್ಳಗಾಗುವವರೆಗೆ ಕಾಯಿಸಿ ಸುತ್ತಿಗೆ ಹಾಕಿದರೆ ವೂಟ್ಸ್ ರೊಟ್ಟಿಯ ಚೂರಿನಂತೆ ಪುಡಿಯಾಗುತ್ತಿತ್ತು. ಇಂಡಿಯಾದ ಉಕ್ಕು ಕೆಲಸಕ್ಕೆ ಬಾರದು ಎಂದು ಬಿಸುಟವರು ಹಲವರು. ತಪ್ಪು ಉಕ್ಕಿನದಲ್ಲ, ಕಾವಿನದು.

ಈ ಉಕ್ಕು ತಯಾರಾಗುತ್ತಿದ್ದದ್ದು ಹೇಗೆಂದು ತಿಳಿಯಲು ಫ್ರಾನ್ಸಿಸ್ ಬುಕನನ್ನನ ಬರಹ ನೋಡಬೇಕು. ಟಿಪ್ಪು ಮಡಿದ ಮರುವರ್ಷ, 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟ ಬುಕನನ್ ಹೊಸದಾಗಿ ಕಂಪನಿಯ ಹಿಡಿತಕ್ಕೆ ಬಂದ ಸೀಮೆಗಳನ್ನು ಸುತ್ತಿದ. ಅವನು ಬರೆದಿಟ್ಟದ್ದರಲ್ಲಿ ಹೊಲ, ಮಗ್ಗ, ಜಾತಿ, ತೆರಿಗೆ ಎಲ್ಲವೂ ಇದೆ. ಉಕ್ಕಿನ ಕುಲುಮೆಯೂ ಇದೆ. ಮಣ್ಣಿನ ಸಣ್ಣ ಮೂಸೆಯೊಳಗೆ ಮೆದು ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ. ಬಾಯಿಗೆ ಜೇಡಿಮಣ್ಣಿನ ಮುಚ್ಚಳ. ಹಲವು ಮೂಸೆಗಳನ್ನು ಕುಲುಮೆಯಲ್ಲಿ ಜೋಡಿಸಿ ಇದ್ದಿಲು ತುಂಬಿ ತಿದಿ ಒತ್ತುವುದು. ಒಳಗಿನ ಕಡ್ಡಿ, ಎಲೆ ಸುಟ್ಟು ಇಂಗಾಲ ಕಬ್ಬಿಣಕ್ಕೆ ಇಳಿಯುತ್ತದೆ. ಇಂಗಾಲ ಸೇರಿದ ಕಬ್ಬಿಣ ಬೇಗ ಕರಗುತ್ತದೆ. ಆರಿದ ಮೇಲೆ ಮೂಸೆ ಒಡೆದರೆ ತಳದಲ್ಲಿ ಒಂದು ಗಟ್ಟಿ. ಕರಗಿತೋ ಇಲ್ಲವೋ ಎಂದು ಮುಚ್ಚಿದ ಮೂಸೆಯೊಳಗೆ ಇಣುಕಿ ನೋಡುವಂತಿರಲಿಲ್ಲ. ಕೆಲಸ ಕೈಗೂಡಿತೆಂದು ಗೊತ್ತಾಗುತ್ತಿದ್ದದ್ದು ಅನುಭವದಿಂದ.

ಈ ಗಟ್ಟಿ ಯಾವ ಕೆಲಸಕ್ಕೆ ಹೋಗುತ್ತಿತ್ತೆಂದೂ ಬುಕನನ್ ಬರೆದಿದ್ದಾನೆ: ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯಗಳ ತಂತಿ. ಅಡುಗೆಮನೆಯ ಈಳಿಗೆ, ತೋಟದ ಕುಡುಗೋಲು ಆ ಪಟ್ಟಿಯಲ್ಲಿಲ್ಲ. ದುಬಾರಿಯಾದ, ಬಡಿಯಲು ಕಷ್ಟವಾದ ಉಕ್ಕನ್ನು ಎಲ್ಲಿ ಅದು ನಿಜಕ್ಕೂ ಬೇಕೋ ಅಲ್ಲಿಗೆ ಮಾತ್ರ ಹಾಕುವ ಲೆಕ್ಕಾಚಾರ ನಮ್ಮ ಕಮ್ಮಾರರಿಗಿತ್ತು. ವೂಟ್ಸ್ ಎಂದರೆ ಎಲ್ಲಕ್ಕೂ ಶ್ರೇಷ್ಠ ಎಂದು ಈಚೆಗೆ ಹೆಮ್ಮೆಪಡುವ ಬರಹಗಳು ಈ ವಿವೇಕವನ್ನು ಮರೆಯುತ್ತವೆ.

ಇದಕ್ಕೆ ಪುರಾವೆ ಚೆನ್ನೈಯಲ್ಲೇ ಇದೆ. ಎಗ್ಮೋರಿನ ಸರ್ಕಾರಿ ಮ್ಯೂಸಿಯಂಗೆ ತಂಜಾವೂರಿನ ಅರಮನೆಯ ಆಯುಧಗಳು ಬಂದದ್ದು 1863ರ ಸುಮಾರಿಗೆ. 1855ರಲ್ಲಿ ತಂಜಾವೂರಿನ ಕೊನೆಯ ರಾಜ ಗಂಡುಸಂತಾನವಿಲ್ಲದೆ ತೀರಿಕೊಂಡ ಮೇಲೆ ಕಂಪನಿ ರಾಜ್ಯವನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಆಯುಧಶಾಲೆಯಿಂದ ಆಯ್ದ ಒಂದಷ್ಟು ಮದ್ರಾಸಿಗೆ ಬಂದವು. ಉಳಿದ ರಾಶಿಯನ್ನು ಮುರಿದು ಹಳೆ ಲೋಹದ ಲೆಕ್ಕದಲ್ಲಿ ವಿಲೇವಾರಿ ಮಾಡಲಾಯಿತು. ಹಾಗೆ ಉಳಿದುಕೊಂಡ ಕಠಾರಿಗಳಲ್ಲಿ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಹಿಡಿ ಅಪ್ಪಟ ದಕ್ಷಿಣದ್ದು, ಯಾಳಿ, ಬಳ್ಳಿ, ಗಿಳಿಗಳ ಕೆತ್ತನೆ. ಅಲಗು ಮಾತ್ರ ಹಲವದರಲ್ಲಿ ಯುರೋಪಿನದು. ಹಡಗಿನಲ್ಲಿ ಬಂದ ಉದ್ದ ಕತ್ತಿಗಳನ್ನು ಕತ್ತರಿಸಿ ಇಲ್ಲಿನ ಹಿಡಿಗೆ ಕೂರಿಸಿದ್ದು. ಫಿರಂಗಿ ಎಂದು ಹೆಸರಾದ ಉದ್ದ ಕತ್ತಿಗಳ ಕಥೆಯೂ ಅದೇ.

ಲೋಕಪ್ರಸಿದ್ಧ ಉಕ್ಕು ಪಕ್ಕದ ಸೀಮೆಯಲ್ಲೇ ಇರುವಾಗ ದಕ್ಷಿಣದ ಅರಸರು ಪರದೇಶದ ಅಲಗು ಕೊಂಡದ್ದೇಕೆ? ಸೊಗಸಿನ ಆಸೆ, ಪರದೇಶದ ಸರಕಿನ ಮೋಹ ಇದ್ದೇ ಇರುತ್ತದೆ. ಆದರೆ ಅದಕ್ಕಿಂತ ಮುಖ್ಯವಾದದ್ದು ಅಲಗಿನ ಉದ್ದ. ಉದ್ದನೆಯ ಅಲಗು ಬಾಗಬೇಕು, ಬಾಗಿ ಮತ್ತೆ ನೆಟ್ಟಗಾಗಬೇಕು. ಗಡಸು ಉಕ್ಕು ಬಾಗುವುದಿಲ್ಲ, ಮುರಿಯುತ್ತದೆ. ಇಂಗಾಲ ಕಡಿಮೆ ಇರುವ, ಚಿಮ್ಮುವ ಗುಣವುಳ್ಳ ಯುರೋಪಿನ ಅಲಗು ಆ ಕೆಲಸಕ್ಕೆ ಚೆನ್ನ. ಎರಡು ಬೆರಳಿನಷ್ಟು ಉದ್ದದ ಪೆನ್‌ನೈಫಿಗೆ ಬಾಗುವ ಪ್ರಮೇಯವೇ ಇಲ್ಲ. ಅದಕ್ಕೆ ಬೇಕಾದದ್ದು ಬರೀ ಬಾಯಿ. ಹಾಗಾಗಿ ತಂಜಾವೂರು ಯುರೋಪಿನ ಉಕ್ಕನ್ನು ಆರಿಸಿಕೊಂಡದ್ದೂ ಲಂಡನ್ನು ನಮ್ಮ ಉಕ್ಕನ್ನು ಆರಿಸಿಕೊಂಡದ್ದೂ ಒಂದೇ ತಿಳಿವಳಿಕೆಯ ಎರಡು ಮುಖ.

ಮಡಚುವ ಚಾಕುವಿನಲ್ಲಿ ಆ ಎರಡು ಮುಖವೂ ಒಟ್ಟಿಗೆ ಇರುತ್ತವೆ. ಯುರೋಪಿನ ಮಾದರಿಯ ಕಿಸೆಚಾಕುವಿನ ಬೆನ್ನಿಗೆ ಉಕ್ಕಿನ ಒಂದು ಪಟ್ಟಿಯಿರುತ್ತದೆ. ಅಲಗನ್ನು ತೆರೆದಾಗ ‘ಟಕ್’ ಎಂದು ಹಿಡಿದು ನಿಲ್ಲಿಸುವುದು ಅದೇ. ಅಲಗು ಗಡಸಾಗಬೇಕು, ಬೆನ್ನಿನ ಪಟ್ಟಿ ಸ್ಪ್ರಿಂಗಿನಂತೆ ಬಾಗಬೇಕು. ಪಟ್ಟಿಗೆ ಅಲಗಿನ ಹದ ಕೊಟ್ಟರೆ ಅದು ಒಡೆಯುತ್ತದೆ. ಅಲಗಿಗೆ ಪಟ್ಟಿಯ ಹದ ಕೊಟ್ಟರೆ ಮಾವಿನಕಾಯಿ ಹೆಚ್ಚುವಷ್ಟರಲ್ಲಿ ಮೊಂಡಾಗುತ್ತದೆ. ಅಗ್ಗದ ಚಾಕುಗಳು ಕೈಕೊಡುವುದು ಬಹುಮಟ್ಟಿಗೆ ಇಲ್ಲಿಯೇ.

ಸ್ಟೋಡಾರ್ಟ್ ಕೂಡ ವೂಟ್ಸನ್ನು ಕುರುಡಾಗಿ ಹೊಗಳಿದವನಲ್ಲ. ಮದ್ರಾಸಿನಲ್ಲಿ ಕಂಪನಿಯ ಸಸ್ಯಶಾಸ್ತ್ರಜ್ಞನಾಗಿದ್ದ ಬೆಂಜಮಿನ್ ಹೈನ್ 1814ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನ ಅಭಿಪ್ರಾಯ ದಾಖಲಾಗಿದೆ. ಇಂಡಿಯಾದಿಂದ ಬರುವ ಗಟ್ಟಿಗಳು ಒಂದೇ ಸಮನಾಗಿಲ್ಲ, ಪೂರ್ತಿ ಕರಗಿರುವುದಿಲ್ಲ, ಹಾಗಾಗಿ ತಾನು ಅವನ್ನು ಮತ್ತೊಮ್ಮೆ ಕರಗಿಸಿ ಸರಳು ಮಾಡಿಕೊಳ್ಳುತ್ತೇನೆ ಎಂದು ಅವನ ಮಾತು. ಕತ್ತಿಯ ಮೇಲೆ ನೀರಿನ ಅಲೆಯಂತೆ ಕಾಣುವ ಗೆರೆಗಳಿಗಾಗಿ ಇಂದು ಜನ ದುಡ್ಡು ಸುರಿಯುತ್ತಾರೆ. ಚಾಕು ಮಾಡುವವನಿಗೆ ಆ ಚಿತ್ತಾರ ಬೇಕಿರಲಿಲ್ಲ, ಅಲಗಿನ ಉದ್ದಕ್ಕೂ ಒಂದೇ ಹದ ಬೇಕಿತ್ತು. ಮುಂದೆ ಅದೇ ಸ್ಟೋಡಾರ್ಟ್ ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆಯ ಜೊತೆ ಸೇರಿ ವೂಟ್ಸಿನ ಗುಟ್ಟು ಹುಡುಕಲು ಹೊರಟ. ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಬೆರೆಸಿ ನೋಡಿದರು. 1820ರಲ್ಲೂ 1822ರಲ್ಲೂ ಬರಹಗಳು ಬಂದವು. ಫ್ಯಾರಡೆ ತನ್ನ ಉಕ್ಕಿನಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಕೊಟ್ಟ. ವಿದ್ಯುತ್ತಿನ ಪ್ರಯೋಗಗಳಿಂದ ಹೆಸರಾದವನ ಆರಂಭದ ದೊಡ್ಡ ಕೆಲಸಗಳಲ್ಲಿ ಒಂದು ಕನ್ನಡದ ಉಕ್ಕಿನ ಬೆನ್ನು ಹತ್ತಿದ್ದು.

ಇನ್ನು ಜೊಸಾಯಾ ಮಾರ್ಷಲ್ ಹೀತ್. ಈ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಗೆದ್ದವನೂ ಹೆಚ್ಚು ಕಳೆದುಕೊಂಡವನೂ ಅವನೇ. ಮದ್ರಾಸಿನ ಕಂಪನಿ ಸೇವೆಯಲ್ಲಿದ್ದ ಹೀತ್‌ಗೆ ಸೇಲಂ ಸೀಮೆಯ ಅದಿರು ಕಣ್ಣಿಗೆ ಬಿತ್ತು. ಅಷ್ಟು ಶುದ್ಧವಾದ ಅದಿರನ್ನು ಊರಿನ ಸಣ್ಣ ಕುಲುಮೆಗಳಲ್ಲಿ ಹಿಡಿಹಿಡಿಯಾಗಿ ಕರಗಿಸುವ ಬದಲು ಇಂಗ್ಲೆಂಡಿನ ಮಾದರಿಯ ದೊಡ್ಡ ಊದುಕುಲುಮೆ ಕಟ್ಟಿದರೆ ಹೇಗೆ? 1825ರಲ್ಲಿ ಕೆಲಸ ಬಿಟ್ಟ. 1830ರ ಸುಮಾರಿಗೆ ಮದ್ರಾಸಿನ ದಕ್ಷಿಣಕ್ಕೆ ಕಡಲ ದಂಡೆಯ ಪೋರ್ಟೊ ನೋವೊದಲ್ಲಿ, ಇಂದಿನ ಪರಂಗಿಪೇಟೆಯಲ್ಲಿ, ಕಾರ್ಖಾನೆ ಶುರುವಾಯಿತು. ಕಂಪನಿ ಸಾಲ ಕೊಟ್ಟಿತು. ಅದಿರು ಹೊಳೆಯ ಹಾದಿಯಲ್ಲಿ ಹರಿಗೋಲುಗಳ ಮೇಲೆ ಬಂತು. ಆದರೆ ದೊಡ್ಡ ಕುಲುಮೆಗೆ ಹೊಟ್ಟೆಯೂ ದೊಡ್ಡದು. ಸುತ್ತಲಿನ ಕಾಡು ಒದಗಿಸುವ ಇದ್ದಿಲು ಅದಕ್ಕೆ ಸಾಲಲಿಲ್ಲ. ವರ್ಷ ವರ್ಷವೂ ಸಾಲ ಬೆಳೆಯಿತು. ಊರ ಕಮ್ಮಾರನ ಸಣ್ಣ ಕುಲುಮೆ ಸಣ್ಣದಾಗಿದ್ದಕ್ಕೆ ಕಾರಣವಿತ್ತು ಎಂಬುದು ಹೀತ್‌ಗೆ ಅರ್ಥವಾಗುವಷ್ಟರಲ್ಲಿ ಕೈ ಸುಟ್ಟಿತ್ತು.

ಇಂಗ್ಲೆಂಡಿಗೆ ಮರಳಿದ ಹೀತ್ 1839ರಲ್ಲಿ ಒಂದು ಪೇಟೆಂಟ್ ಪಡೆದ. ಮೂಸೆಯಲ್ಲಿ ಉಕ್ಕು ಕರಗಿಸುವಾಗ ಮ್ಯಾಂಗನೀಸ್ ಮತ್ತು ಇಂಗಾಲದ ಸಂಯುಕ್ತವನ್ನು ಚೂರು ಸೇರಿಸಿದರೆ ಸಾಧಾರಣ ಕಬ್ಬಿಣದಿಂದಲೂ ಒಳ್ಳೆಯ ಎರಕದ ಉಕ್ಕು ಬರುತ್ತದೆ. ಮುಖ್ಯವಾಗಿ, ಆ ಉಕ್ಕು ಕಬ್ಬಿಣಕ್ಕೆ ಬೆಸುಗೆಯಾಗುತ್ತದೆ. ಶೆಫೀಲ್ಡಿನ ಚಾಕು ಕಸುಬಿಗೆ ಇದು ವರವಾಯಿತು. ದುಬಾರಿ ಸ್ವೀಡನ್ ಕಬ್ಬಿಣವಿಲ್ಲದೆ ಅಲಗು ಮಾಡಬಹುದಾಯಿತು. ಕೊಯ್ಯುವ ಭಾಗಕ್ಕಷ್ಟೇ ಉಕ್ಕು ಹಾಕಿ, ಹಿಡಿಯೊಳಗೆ ಹೋಗುವ ಭಾಗಕ್ಕೆ ಅಗ್ಗದ ಕಬ್ಬಿಣ ಬೆಸೆಯಬಹುದಾಯಿತು. ಉಕ್ಕಿನ ಬೆಲೆ ಬಿತ್ತು. ಆದರೆ ಹೀತ್‌ನ ಕೈಕೆಳಗೇ ಇದ್ದ ಅನ್ವಿನ್ ಎಂಬವನು ಸಿದ್ಧ ಸಂಯುಕ್ತದ ಬದಲು ಮ್ಯಾಂಗನೀಸಿನ ಆಕ್ಸೈಡನ್ನೂ ಟಾರನ್ನೂ ನೇರವಾಗಿ ಮೂಸೆಗೆ ಹಾಕಿ ಅದೇ ಫಲ ಪಡೆದ. ಪೇಟೆಂಟಿನಲ್ಲಿ ಬರೆದದ್ದು ಸಂಯುಕ್ತದ ಹೆಸರು, ತಾನು ಹಾಕಿದ್ದು ಬೇರೆ ಪದಾರ್ಥ ಎಂಬುದು ಅವನ ವಾದ. ಸಂಯುಕ್ತ ಮೂಸೆಯೊಳಗೇ ಹುಟ್ಟುತ್ತದಲ್ಲ ಎಂಬುದು ಹೀತ್‌ನ ವಾದ. ಮೊಕದ್ದಮೆ ಕೋರ್ಟಿನಿಂದ ಕೋರ್ಟಿಗೆ ಅಲೆಯಿತು. 1851ರಲ್ಲಿ ಹೀತ್ ಬರಿಗೈಯಲ್ಲಿ ತೀರಿಕೊಂಡ. 1855ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೊನೆಯ ತೀರ್ಪು ಕೊಟ್ಟಿತು, ಅನ್ವಿನ್ ಪರವಾಗಿ.

ಶೆಫೀಲ್ಡಿನ ಚಾಕುಗಳು ಮದ್ರಾಸಿನ ಅಂಗಡಿಗಳಿಗೆ ಇಳಿದದ್ದು ಈ ಅಗ್ಗದ ಉಕ್ಕಿನ ಬಲದ ಮೇಲೆ. ಒಂದೇ ಅಳತೆ, ಒಂದೇ ಹದ, ಮೇಲೊಂದು ಮುದ್ರೆ. ಊರ ಕಮ್ಮಾರನ ಬಳಿ ಕಾದು ಮಾಡಿಸಿಕೊಳ್ಳುವ ಚಾಕುವಿಗೆ ಇಷ್ಟು ನೆಚ್ಚಿಗೆ ಇರಲಿಲ್ಲ. 1882ರ ಮದ್ರಾಸ್ ಅರಣ್ಯ ಕಾಯ್ದೆಯ ನಂತರ ಇದ್ದಿಲಿಗಾಗಿ ಕಾಡಿಗೆ ಹೋಗುವುದೂ ಸಲೀಸಾಗಿ ಉಳಿಯಲಿಲ್ಲ. ಸೇಲಂನಲ್ಲಿ ಅರುಣಾಚಲಂ ಎಂಬ ಕಮ್ಮಾರನೊಬ್ಬ ಬೇಟೆಗತ್ತಿ, ಹಂದಿಬೇಟೆಯ ಈಟಿಗಳಿಗೆ ಇಂಗ್ಲಿಷ್ ಶಿಕಾರಿಗಳ ನಡುವೆ ದೊಡ್ಡ ಹೆಸರು ಮಾಡಿದ್ದ. ಅವನ ಕೆಲಸವನ್ನು ಈಗಲೂ ಸಂಗ್ರಹಕಾರರು ಹುಡುಕುತ್ತಾರೆ. ಅದು ಒಬ್ಬ ಕಸುಬುದಾರನ ಹೆಸರು. ಮೂಸೆ ಕಟ್ಟಿ ಉಕ್ಕು ಕರಗಿಸುತ್ತಿದ್ದವರ ಕುಲುಮೆಗಳು ಮಾತ್ರ ಹೆಸರಿಲ್ಲದೆ ಒಂದೊಂದಾಗಿ ಆರಿದವು.

ಹಿಡಿಯ ವಿಷಯದಲ್ಲಿ ವ್ಯಾಪಾರ ಎದುರು ದಿಕ್ಕಿನಲ್ಲಿ ಹರಿಯಿತು. ಅಲಗು ಶೆಫೀಲ್ಡಿನಿಂದ ಇಲ್ಲಿಗೆ ಬಂದರೆ ಹಿಡಿಯ ಸಾಮಗ್ರಿ ಇಲ್ಲಿಂದ ಶೆಫೀಲ್ಡಿಗೆ ಹೋಯಿತು. ಅದರಲ್ಲಿ ಬಹಳ ಬೇಡಿಕೆಯಿದ್ದದ್ದು ಕಡವೆಯ ಕೊಂಬು. ಕನ್ನಡದಲ್ಲಿ ಕಡವೆಯದೂ ಎಮ್ಮೆಯದೂ ಕೊಂಬೇ. ಆದರೆ ಪದಾರ್ಥಗಳು ಬೇರೆ. ಕಡವೆಯದು ಮೂಳೆ, ವರ್ಷವರ್ಷ ಉದುರಿ ಮತ್ತೆ ಬೆಳೆಯುತ್ತದೆ. ಎಮ್ಮೆಯದು ಉಗುರಿನ ಜಾತಿ. ಯುರೋಪಿನ ಜಿಂಕೆಯ ಕೊಂಬಿನ ಒಳಭಾಗ ಸ್ಪಂಜಿನಂತೆ ಟೊಳ್ಳು. ಕಡವೆಯದು ಹೆಚ್ಚು ದಟ್ಟ, ತೆಳುವಾಗಿ ಸೀಳಿ ಮೊಳೆ ಹೊಡೆದರೂ ಒಡೆಯುವುದಿಲ್ಲ, ಮೇಲಿನ ಉಬ್ಬುತಗ್ಗು ಬೆವರು ಕೈಯಲ್ಲೂ ಜಾರುವುದಿಲ್ಲ. ಎಮ್ಮೆ ಕೊಂಬು ಬಿಸಿ ತಗುಲಿದರೆ ಮೆತ್ತಗಾಗುತ್ತದೆ, ಒತ್ತಿ ಬೇಕಾದ ಆಕಾರ ಕೊಡಬಹುದು, ಮೆರುಗು ಚೆನ್ನ. ಆದರೆ ಹವೆ ಬದಲಾದಂತೆ ಸೊಟ್ಟಗಾಗುತ್ತದೆ, ಕೊರೆಯುವ ಹುಳುವಿಗೆ ಪ್ರಿಯ. ಹಾಗಾಗಿ ಮದ್ರಾಸಿನಂಥ ಊರಿಗೆ ಕಡವೆ ಕೊಂಬೇ ಸರಿ.

ದಂತಕ್ಕೆ ಅಂದ ಹೆಚ್ಚು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ವಿಶಾಖಪಟ್ಟಣದ ಕುಶಲಿಗಳು ಇಂಗ್ಲಿಷರಿಗಾಗಿ ದಂತದ, ಕೊಂಬಿನ ಪೆಟ್ಟಿಗೆಗಳನ್ನು ಮಾಡಿ ಹೆಸರಾಗಿದ್ದರು. ಆದರೆ ಚಾಕುವಿನ ಹಿಡಿಯಾಗಿ ದಂತ ನಾಜೂಕು. ಒದ್ದೆ ಮತ್ತು ಒಣ ಹವೆಯ ನಡುವೆ ಹಿಗ್ಗಿ ಕುಗ್ಗಿ ಮೊಳೆಯ ಸುತ್ತ ಬಿರುಕು ಬಿಡುತ್ತದೆ. ಕರಿಮರ, ಬೀಟೆಯಂಥ ಗಟ್ಟಿ ಮರಗಳಿಗೂ ಇದೇ ಕಾಟ ಸ್ವಲ್ಪ ಮಟ್ಟಿಗೆ ಉಂಟು. ಅದಕ್ಕೇ ಒಳ್ಳೆಯ ಮಡಚು ಚಾಕುವಿನಲ್ಲಿ ಹಿಡಿಯ ಹೊರಪಟ್ಟಿಗೂ ಅಲಗಿಗೂ ನಡುವೆ ತೆಳು ಹಿತ್ತಾಳೆ ತಗಡು ಇರುತ್ತದೆ. ಹೊರಗಿನದು ಎಷ್ಟು ಹಿಗ್ಗಿದರೂ ಅಲಗು ಸಿಕ್ಕಿಕೊಳ್ಳುವುದಿಲ್ಲ, ಹಿತ್ತಾಳೆಗೆ ಕಡಲ ಗಾಳಿಯ ಭಯ ಅಷ್ಟಿಲ್ಲ.

ಈಗ ಆ ಸಾಮಗ್ರಿಗಳಲ್ಲಿ ಬಹುಪಾಲು ಕಾನೂನಿನ ಆಚೆ ನಿಂತಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ದೇಶದ ದಂತದ ವ್ಯಾಪಾರವನ್ನು ನಿಲ್ಲಿಸಿತು; 1991ರದು ಆಫ್ರಿಕಾದಿಂದ ಬರುವ ದಂತವನ್ನೂ ಸೇರಿಸಿತು. ಉದುರಿದ ಕಡವೆ ಕೊಂಬಿನ ರಫ್ತು ನಿಂತದ್ದು 1998ರಲ್ಲಿ. ಉದುರಿದ್ದನ್ನು ಹೆಕ್ಕಿದರೆ ಏನು ತಪ್ಪು ಎಂಬ ಪ್ರಶ್ನೆಗೆ ಕಾನೂನಿನ ಕಡೆಯ ಉತ್ತರ ಸರಳ: ರಾಶಿಯಲ್ಲಿ ಬಿದ್ದಿರುವ ಕೊಂಬು ಉದುರಿದ್ದೋ ಕೊಂದು ಕಿತ್ತದ್ದೋ ಎಂದು ಬಂದರಿನಲ್ಲಿ ನಿಂತವನು ಹೇಳುವುದು ಹೇಗೆ? ಶೆಫೀಲ್ಡಿನಿಂದ ಅಮೆರಿಕದವರೆಗೆ ಚಾಕು ಮಾಡುವವರು ಹಳೆಯ ದಾಸ್ತಾನನ್ನು ಜೋಪಾನ ಮಾಡಿಕೊಂಡು, ದನದ ಮೂಳೆಗೆ ಗೆರೆ ಕೊರೆದು ಬಣ್ಣ ಹಾಕಿ ಕಡವೆ ಕೊಂಬಿನ ರೂಪ ಕೊಡತೊಡಗಿದರು. ಉಳಿದ ಕೆಲಸವನ್ನು ಪ್ಲಾಸ್ಟಿಕ್ ಮತ್ತು ಗಾಜಿನ ನಾರಿನ ಹಲಗೆಗಳು ವಹಿಸಿಕೊಂಡಿವೆ. ಅವು ಕೈಗೆ ಹಿತವಲ್ಲ, ಆದರೆ ಚೆನ್ನೈಯ ಹವೆಗೆ ಹೇಳಿ ಮಾಡಿಸಿದಂತಿವೆ.

ಉಕ್ಕಿನ ಪ್ರಶ್ನೆಗೂ ಕೊನೆಗೆ ಉತ್ತರ ಬಂದದ್ದು ಶೆಫೀಲ್ಡಿನಿಂದಲೇ. ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡಲು ಹೊರಟ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಉಕ್ಕಿಗೆ ನೂರಕ್ಕೆ ಸುಮಾರು ಹದಿಮೂರು ಪಾಲು ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕನ್ನು ಕಂಡ. ಅದರ ಮೊದಲ ಚಾಕುಗಳಿಗೆ ಹದ ಹಾಕಲು ಕಸುಬಿನವರಿಗೆ ತಿಳಿಯಲಿಲ್ಲ. ಕೊಯ್ಯದ ಚಾಕು ಕಂಡುಹಿಡಿದವನು ಎಂದು ಊರವರು ಬ್ರಿಯರ್ಲಿಯನ್ನು ಆಡಿಕೊಂಡರು. ವೂಟ್ಸನ್ನು ಅತಿ ಕಾವಿನಲ್ಲಿ ಪುಡಿ ಮಾಡಿದವರ ಮೊಮ್ಮಕ್ಕಳು ಈ ಹೊಸ ಉಕ್ಕಿನ ಕಾವನ್ನೂ ತಿಳಿದುಕೊಳ್ಳಲು ಸಮಯ ತೆಗೆದುಕೊಂಡರು. ಇಂದು ಚೆನ್ನೈಯಲ್ಲಿ ಕೊಳ್ಳುವ ಸಾಧಾರಣ ಮಡಚು ಚಾಕುವಿನ ಅಲಗು ಬಹುಮಟ್ಟಿಗೆ ಅದೇ ವಂಶದ್ದು.

ಸೇಲಂ ಈಗಲೂ ಉಕ್ಕಿನ ಊರು. 1980ರ ದಶಕದ ಆರಂಭದಲ್ಲಿ ಅಲ್ಲಿ ಸರ್ಕಾರದ ಸ್ಟೇನ್‌ಲೆಸ್ ಉಕ್ಕಿನ ಕಾರ್ಖಾನೆ ಕೆಲಸ ಶುರುಮಾಡಿತು. ಸೇಲಂ ಸ್ಟೀಲ್ ಎಂಬ ಹೆಸರನ್ನು ಪಾತ್ರೆ ಅಂಗಡಿಗಳಲ್ಲಿ ಎಲ್ಲರೂ ಬಲ್ಲರು. ಲೋಟ, ತಟ್ಟೆ, ಸಾರಿನ ಪಾತ್ರೆಗಳಿಗೆ ಹೋಗುವ ಮಾಮೂಲಿ ತಗಡು ಕ್ರೋಮಿಯಂ ಜೊತೆ ನಿಕಲ್ ಬೆರೆತದ್ದು. ಎಷ್ಟು ಕಾಯಿಸಿ ನೀರಿಗದ್ದಿದರೂ ಅದಕ್ಕೆ ಹದ ಹತ್ತುವುದಿಲ್ಲ. ಅದರಿಂದ ಚಮಚ ಮಾಡಬಹುದು, ಚಾಕು ಮಾಡಲಾಗದು.